ಬಲಕ್ಕೆ ತಿರುಗಿದಾಗ ಮಾತ್ರ

ಪಣಕಹಳ್ಳಿಯ ಹೊಲಗಳ ಮೇಲಿಂದ ಮಂಜು ಇನ್ನೂ ಎದ್ದಿರಲಿಲ್ಲ. ಬೀಳು ಹೊಲದ ಮೂಲೆಯಲ್ಲಿ, ತಾತನ ಸಮಾಧಿಯ ಪಕ್ಕದಲ್ಲೇ, ಹಳೆಯ ನೀಲಿ ಜೆನ್ ಕಾರು ಎಡಮಗ್ಗುಲಾಗಿ ಬಿದ್ದಿತ್ತು. ಎಂಜಿನ್ ನಿಂತುಹೋಗಿತ್ತು. ಮೇಲಾದ ಚಕ್ರವೊಂದು ಮಾತ್ರ ಸದ್ದಿಲ್ಲದೆ ತಿರುಗುತ್ತಿತ್ತು.

ಒಳಗಿದ್ದ ರಂಜಿತಳನ್ನು ಕಿಟಕಿಯಿಂದ ಎಳೆದು ತೆಗೆದರು. ಎಡಗೈ ಮುರಿದಿತ್ತು. ಕಾರನ್ನು ಎತ್ತಿ ನಿಲ್ಲಿಸಿದ ಮೇಲೆ ಅಪ್ಪ ನಂಜಪ್ಪ, ಮೆಕ್ಯಾನಿಕ್ ರಾಮು ಇಬ್ಬರೂ ಅವಳನ್ನು ಜೀಪಿನಲ್ಲಿ ತಾಳವಾಡಿಯ ಆಸ್ಪತ್ರೆಗೆ ಕರೆದೊಯ್ದರು.

ಮರಳಿ ಬಂದ ನಂಜಪ್ಪ ಕಾರಿನ ಹಿಂಬದಿಗೆ ಹೋದವರು ಅಲ್ಲೇ ನಿಂತುಬಿಟ್ಟರು.

ಹಿಂದಿನ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ತಾತ ಹಣೆಗೆ ಹಚ್ಚುತ್ತಿದ್ದಂಥದೇ.

ಇದು ಮೊದಲ ಸಲವಲ್ಲ. ಕೊಯಮತ್ತೂರಿನ ಆಟೋಕ್ರಾಸ್ ಪಂದ್ಯಕ್ಕೆಂದು ರಂಜಿತ ಆ ಹೊಲದಲ್ಲಿ ಕೋನ್‌ಗಳನ್ನಿಟ್ಟು ಅಭ್ಯಾಸ ಮಾಡುತ್ತಿದ್ದಳು. ಕೋನ್ ಬೀಳಿಸದೆ, ತಿರುವುಗಳನ್ನೆಲ್ಲ ಸುತ್ತಿ, ಬೇಗ ಮುಗಿಸಿದವರು ಗೆದ್ದಂತೆ. ಆದರೆ ಸಮಾಧಿಯ ತಿರುವಿಗೆ ಬಂದರೆ ಕೆಲವು ದಿನ ಕಾರಿನ ಹಿಂಭಾಗ ಯಾರೋ ಹಿಡಿದು ಎಳೆದಂತೆ ಸುತ್ತಿಬಿಡುತ್ತಿತ್ತು. ಹಾಗೆ ಸುತ್ತಿದ ದಿನವೆಲ್ಲ ಗಾಜಿನ ಮೇಲೆ ವಿಭೂತಿ ಕಾಣುತ್ತಿತ್ತು. ಊರಿನ ನಾಯಿಗಳೂ ಈಗ ಆ ಮೂಲೆಗೆ ಹೋಗುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು.

ರಂಜಿತಳ ಸೋದರಮಾವ ಶಿವಶಂಕರಪ್ಪ ಮಾರನೆಯ ದಿನ ಬಂದರು. ಸತ್ಯಮಂಗಲದಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅವರು ಬರುವ ಹೊತ್ತಿಗೆ ನಂಜಪ್ಪ ರಾಮುವನ್ನು ಜಗಲಿಯ ಕೆಳಗೆ ನಿಲ್ಲಿಸಿದ್ದರು.

“ತಾತ ಮೊಮ್ಮಗಳ ಕೈ ಮುರಿಯಾಕಿಲ್ಲ ಬಾವ. ಸ್ಪ್ರಿಂಗ್ ಆಕಿದ್ದು ಇವನು. ಟೇಸನ್‌ಗೆ ಒಪ್ಪುಸ್ತೀನಿ.”

“ಅವ್ವಾರು ಯೋಳ್ದಂಗೇ ಆಕಿವ್ನಿ ಬುದ್ಧಿ,” ಎಂದ ರಾಮು.

“ಏನು ಹೇಳಿದ್ದೆ?” ಶಿವಶಂಕರಪ್ಪ ಕೈಗೆ ಪಟ್ಟಿ ಹಾಕಿಸಿಕೊಂಡು ಜಗಲಿಯ ಮೇಲೆ ಕೂತಿದ್ದ ರಂಜಿತಳ ಕಡೆ ತಿರುಗಿದರು.

“ಮೊದ್ಲು ಅಣ್ಣ ಓಡುಸ್ತಿದ್ದ ಮಾವ. ಮುಂದ್ಕೆ ಗಟ್ಟಿ ಸ್ಪ್ರಿಂಗ್ ಆಕ್ಸಿದ್ದ. ಸ್ಟೇರಿಂಗ್ ಎಷ್ಟು ತಿರುಗ್ಸುದ್ರೂ ಮೂತಿ ನೆಟ್ಟಗೇ ಓಯ್ತಿತ್ತು. ನಾನು ಮುಂದ್ಕೆ ಮೆತ್ತಗಿರೋವು, ಹಿಂದ್ಕೆ ಒಂಚೂರು ಗಟ್ಟಿ ಇರೋವು ಆಕಿಸ್ದೆ. ಆಮೇಲೆ ಕಾರು ಯೋಳ್ದಂಗೆ ಕೇಳ್ತು.”

“ಹಾಗಾದರೆ ಹಿಂದೆ ಗಟ್ಟಿ ಜಾಸ್ತಿಯಾಗಿ ಸುತ್ತಿರಬಹುದಲ್ಲ?”

“ಎಲ್ಲಾ ತಿರುವಲ್ಲೂ ಸುತ್ತಬೇಕಿತ್ತಲ್ಲ ಮಾವ?”

ಶಿವಶಂಕರಪ್ಪ ತಲೆಯಾಡಿಸಿದರು. “ಸಮಾಧಿ ಬಿಟ್ಟು ಬೇರೆಲ್ಲೂ ಸುತ್ತಲೇ ಇಲ್ಲವೋ?”

ರಂಜಿತ ಯೋಚಿಸಿದಳು. “ಒಂದ್ಸಲ ಸುತ್ತಿತ್ತು. ಹುಣಸೆಮರದ ತಾವ. ಭಯ ಆಗಿ ಅವತ್ತು ಉಲ್ಟಾ ದಿಕ್ಕಲ್ಲಿ ಓಡಿಸ್ದೆ. ತಾತ ಮರದ ತಾವ ಓಗವ್ರೆ ಅಂದ್ರು ಅಪ್ಪ.”

“ಆವತ್ತು ಸಮಾಧಿ ತಿರುವಲ್ಲಿ?”

“ಏನೂ ಆಗ್ಲಿಲ್ಲ.”

ಶಿವಶಂಕರಪ್ಪ ಎದ್ದು ಹೊಲಕ್ಕೆ ಹೋದರು. ಎಲ್ಲರೂ ಹಿಂದೆ ನಡೆದರು. ರಂಜಿತಳ ಅಣ್ಣ ನಟರಾಜ ಕೊನೆಯಲ್ಲಿದ್ದ. ಸಮಾಧಿಯ ಮೇಲೆ ಮಂಜು ಕೂತಿತ್ತು. ಶಿವಶಂಕರಪ್ಪ ಒದ್ದೆ ನೆಲದಲ್ಲೇ ಮಲಗಿ ಟಾರ್ಚ್ ಹಾಕಿ ಕಾರಿನ ಅಡಿ ನೋಡಿದರು. ಎದ್ದಾಗ ಅಂಗಿಯೆಲ್ಲ ಮಣ್ಣಿನಿಂದ ಕೆಂಪಾಗಿತ್ತು.

“ನಿನ್ನೆ ಕಾರು ಬಿದ್ದಾಗ ಮೊದಲು ಓಡಿ ಬಂದವರು ಯಾರು?”

“ಅಣ್ಣ. ಯಾವಾಗ್ಲೂ ಅವನೇ,” ಎಂದಳು ರಂಜಿತ.

“ಆಸ್ಪತ್ರೆಗೆ ಜೊತೆಯಲ್ಲಿ ಹೋದವರು?”

“ಅಪ್ಪ, ರಾಮಣ್ಣ.”

“ತಂಗಿ ಕೈ ಮುರಿದು ಒದ್ದಾಡುವಾಗ ನೀನು ಕಾರಿನ ಹತ್ತಿರ ಯಾಕೆ ಉಳಿದೆ, ನಟರಾಜ?”

ನಟರಾಜ ಒಂದು ಹೆಜ್ಜೆ ಹಿಂದೆ ಸರಿದ.

“ನಾನೇ ಹೇಳುತ್ತೀನಿ,” ಎಂದರು ಶಿವಶಂಕರಪ್ಪ. “ನೀವೆಲ್ಲ ಜಾಗ ನೋಡಿದಿರಿ, ದಿಕ್ಕು ನೋಡಲಿಲ್ಲ. ಇಲ್ಲಿರುವ ಜೋರು ತಿರುವುಗಳು ಎರಡೇ: ಸಮಾಧಿಯದು ಬಲಕ್ಕೆ, ಹುಣಸೆಮರದ್ದು ಎಡಕ್ಕೆ. ಉಲ್ಟಾ ಓಡಿಸಿದ ದಿನ ಅದೇ ತಿರುವು ಎಡಕ್ಕಾಯಿತು, ಕಾರು ಸುಮ್ಮನೆ ಹೋಯಿತು. ಆವತ್ತು ಹುಣಸೆಮರದ ತಿರುವು ಬಲಕ್ಕಾಯಿತು, ಅಲ್ಲಿ ಸುತ್ತಿತು. ಬಲಕ್ಕೆ ತಿರುಗಿದಾಗ ಭಾರ ಎಡಕ್ಕೆ ಬೀಳುತ್ತೆ. ಹಿಂದಿನ ಎಡ ಸ್ಪ್ರಿಂಗ್ ಒಂದೇ ವಿಪರೀತ ಗಟ್ಟಿಯಾಗಿದ್ದರೆ ಆ ಚಕ್ರ ಹಿಡಿತ ಬಿಟ್ಟು ಜಾರುತ್ತೆ. ಹಿಂಭಾಗ ಸುತ್ತುತ್ತೆ.”

“ಸ್ಪ್ರಿಂಗ್ ಬಿಚ್ಚಿ ನೋಡ್ದೊ ಸಾ. ಎರಡೂ ಒಂದೇ ತರ ಅವೆ,” ಎಂದ ರಾಮು.

“ಸ್ಪ್ರಿಂಗ್ ಒಂದೇ ತರ. ಧೂಳು ಬೇರೆ. ಸ್ಪ್ರಿಂಗಿನ ಎಲ್ಲ ಸುತ್ತುಗಳಿಗೂ ಕೆಮ್ಮಣ್ಣು ಮೆತ್ತಿದೆ. ಎಡಗಡೆ ಎರಡು ಸುತ್ತುಗಳ ನಡುವೆ ಮಾತ್ರ ಒಂದು ಜಾಗ ಶುಭ್ರ. ಸ್ಪ್ರಿಂಗ್ ಕುಸಿಯದ ಹಾಗೆ ನಡುವೆ ಸಿಕ್ಕಿಸುವ ರಬ್ಬರ್ ಇರುತ್ತಲ್ಲ, ಅದು ಅಲ್ಲಿ ಕೂತಿತ್ತು. ಓಡುವ ಮೊದಲು ಸಿಕ್ಕಿಸಿ, ಸುತ್ತಿದ ಮೇಲೆ ಕಿತ್ತುಕೊಂಡರೆ ಬಿಚ್ಚಿ ನೋಡಿದವರಿಗೆ ಏನು ಸಿಗುತ್ತೆ? ಓಡುವ ಮೊದಲು ಚಕ್ರದ ಹತ್ತಿರ ಕೂರುತ್ತಿದ್ದವರು ಯಾರಮ್ಮ?”

“ಗಾಳಿ ನೋಡ್ತೀನಿ ಅಂತ… ಅಣ್ಣ.” ರಂಜಿತಳ ದನಿ ಇಳಿಯಿತು. “ವಿಭೂತಿ?”

“ಅದೂ ಅವನೇ. ಎಲ್ಲರ ಕಣ್ಣು ಗಾಜಿನ ಮೇಲಿರಲಿ, ಚಕ್ರದ ಕಡೆ ಹೋಗದಿರಲಿ ಅಂತ.”

ನಟರಾಜ ಬಾಯಿ ತೆರೆದ. “ಬೀಳ್ತದೆ ಅಂತ ಅನ್ಕಂಡಿರ್ಲಿಲ್ಲ ಮಾವ. ಸುತ್ತಿ ನಿಂತ್ಕತಿತ್ತು ಅಷ್ಟೇಯ. ನಾನು ಆರ್ಸಿದ್ದ ಸ್ಪ್ರಿಂಗ್ನೆಲ್ಲ ಬಿಚ್ಚಾಕುಸ್ಬುಟ್ಲು. ನನಗಿಂತ ಬೇಗ ಓಡಿಸಿದ್ಲು. ಅವಳ ಲೆಕ್ಕ ತಪ್ಪು ಅಂತ ಅವಳಿಗೇ ಅನ್ನಿಸ್ಲಿ, ಸ್ಟೇರಿಂಗ್ ತಿರ್ಗಾ ನನ್ನ ಕೈಗೆ ಕೊಡ್ಲಿ ಅಂತ.”

“ಅದಕ್ಕೆ ತಾತನ್ನ ಎಬ್ಬಿಸ್ದಾ?” ಎಂದಳು ರಂಜಿತ.

ನಂಜಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಮನೆ ಮಾತು ಮನೇಲೇ ಇರ್ಲಿ. ರಾಮು, ನೀನು ಓಗ್ಲಾ.”

“ಹಂಗೇ ಕಳ್ಸಾದಾ ಅಪ್ಪ? ರಾಮಣ್ಣನ್ನ ಟೇಸನ್‌ಗೆ ಒಪ್ಪುಸ್ತೀನಿ ಅಂದ್ರಲ್ಲ.” ರಂಜಿತ ಬಲಗೈ ಚಾಚಿದಳು. “ಅಣ್ಣ, ಕಾರಿನ ಬೀಗದಕೈ ಕೊಡು.”

ನಟರಾಜ ಜೇಬಿನಿಂದ ತೆಗೆದು ಕೊಟ್ಟ. ಅವಳು ಅದನ್ನು ಅಪ್ಪನ ಎದುರಿಗೇ ರಾಮುವಿನ ಅಂಗೈಯಲ್ಲಿಟ್ಟಳು.

“ನನ್ನ ಕೈ ಕೂಡ್ಕಳಗಂಟ ಕಾರು ನಿಮ್ಮನೆ ಮುಂದೆ ನಿಂತಿರ್ಲಿ ರಾಮಣ್ಣ. ಸ್ಪ್ರಿಂಗ್ ಯಾವುದ್ನೂ ಬದಲಾಯಿಸ್ಬ್ಯಾಡ.”