ಒಂಟಿ ಸೀನು

"ಬಾಜೂ ಸರೀರಿ! ಬ್ರೇಕ್ ಹತ್ತವಲ್ದು!"

ಗಜೇಂದ್ರಗಡದ ಗುಡ್ಡ ಏರಿ ಓಡುತ್ತಿದ್ದ ಮಹೇಶ್ವರಿ ಬೆಚ್ಚಿ ಪಕ್ಕಕ್ಕೆ ಹಾರಿದಳು. ಮೇಲಿನಿಂದ ನುಗ್ಗಿ ಬಂದ ಸೈಕಲ್ಲು ಸರ್ರನೆ ದಾಟಿ ಜಾಲಿ ಕಂಟಿಗೆ ಹೊಕ್ಕಿತು. ಮುಳ್ಳು ಬಿಡಿಸಿಕೊಳ್ಳುತ್ತಾ ಎದ್ದು ನಿಂತವನ ಮುಖ ನೋಡಿದ್ದೇ ತಡ, ಅವಳ ಮೈಯೆಲ್ಲ ಉರಿಯಿತು.

ಇವನಾ...! ಬಿದ್ದು ಸಾಯಲು ಇವನಿಗೆ ರೋಣದ ಸುತ್ತ ಬೇರೆ ಜಾಗವೇ ಸಿಗಲಿಲ್ಲವೇ!

ಅವನು ಬಸವಪ್ರಸಾದ. ರೋಣದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರದವನು. ಹೋದ ವಾರ ಇವಳನ್ನು ನೋಡಲು ಬಂದಿದ್ದ ಹುಡುಗ.

ಆ ದಿನವನ್ನು ನೆನೆದರೆ ಮಹೇಶ್ವರಿಗೆ ಇವತ್ತಿಗೂ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು ಅವಳು. ವರ್ಷವಿಡೀ ಗುಡ್ಡ ಓಡಿದರೂ ಏನೂ ಆಗದವಳಿಗೆ ಸರಿಯಾಗಿ ಅಂದೇ ನೆಗಡಿ! ಆದರೂ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. "ಮದುವಿ ಆದಮ್ಯಾಲೂ ಓಡತೀರೇನ್ರಿ?" ಎಂದು ಅವನು ಕೇಳಿದ್ದ. "ಹೌದ್ರಿ" ಎಂದಿದ್ದಳು. "ಹಂಗಾರ ನಾ ಸೈಕಲ್ ತಗೊಂಡು ಹಿಂದ ಬರತೀನಿ" ಎಂದು ನಕ್ಕಿದ್ದ. ಆ ನಗು ನೇರ ಎದೆಗೇ ಇಳಿದಿತ್ತು.

ಕೊನೆಗೆ ಅವನ ಕಾಕಾ ಈಶಪ್ಪ ಶಿರಾದ ಪ್ಲೇಟು ಕೆಳಗಿಟ್ಟು, "ನಮಗ ಹುಡುಗಿ ಪಸಂದ ಅದಾಳ. ಮಾತು ಮುಂದುವರಸೂಣೇನ್ರಿ?" ಎಂದರು.

"ಆಕ್ಷೀ!"

ಒಂದೇ ಒಂದು ಸೀನು! ಒಂಟಿ ಸೀನು! ಎಲ್ಲರೂ ಎರಡನೆಯ ಸೀನಿಗಾಗಿ ಕಾದರು. ಮೂಗು ತಿಕ್ಕಿದರೂ ಬರಲಿಲ್ಲ, ಸುಡುಗಾಡು ಸೀನು! ಈಶಪ್ಪ ನೀರು ಕುಡಿದು, "ಇವತ್ತಿಗೆ ಬ್ಯಾಡ್ರಿ" ಎಂದು ಎದ್ದೇಬಿಟ್ಟರು. ಈ ಮಹಾರಾಯ ಮಾತ್ರ ಕರವಸ್ತ್ರದಿಂದ ಮೂಗು ಬಾಯಿ ಮುಚ್ಚಿಕೊಂಡು, ಒಂದು ಮಾತೂ ಆಡದೆ ಅವರ ಹಿಂದೆ ಹೋದ.

ಆಮೇಲೆ ಫೋನಿಲ್ಲ, ಸುದ್ದಿಯಿಲ್ಲ. ನೆಗಡಿ ಜ್ವರಕ್ಕೆ ತಿರುಗಿ ಅವಳು ಹಾಸಿಗೆ ಹಿಡಿದಳು. ಮೆಣಸಿನ ಕಷಾಯ ಕುಡಿಸುತ್ತಾ ಅವ್ವ ಬಾಳವ್ವ, "ಬ್ಯಾಡ ಅಂದ್ರವ್ವಾ ಅವರು" ಎಂದು ನಿಟ್ಟುಸಿರು ಬಿಟ್ಟಿದ್ದಳು. ಇವತ್ತೇ ಮೊದಲ ಸಲ ಎದ್ದು ಗುಡ್ಡಕ್ಕೆ ಬಂದರೆ... ಇವನು!

"ಇಲ್ಲಿಗ್ಯಾಕ ಬಂದೀರಿ? ಇನ್ನೊಂದು ಅಪಶಕುನ ನೋಡಾಕೇನು?"

"ನಿನ್ನೇನೂ ಬಂದಿದ್ದೆ, ಮೊನ್ನೇನೂ ಬಂದಿದ್ದೆ. ನೀವ ಇರಲಿಲ್ಲ..." ಅವನ ದನಿಯೂ ಗೊಗ್ಗರಾಗಿತ್ತು. "ನನಗೂ ನೆಗಡಿ ಐತ್ರಿ. ಅವತ್ತೂ ಇತ್ತು."

"ಅದಕ್ಕ?"

"ನೀವು ಸೀನಿದಾಗ ನನಗೂ ಸೀನು ಬಂದಿತ್ತು. ನಾನೂ ಸೀನಿದ್ರ ಮಾತು ಪೂರಾ ಕೆಡತೈತಿ ಅಂತ ಉಸರು ಹಿಡದು ತಡಕೊಂಡೆ. ಬಾಯಿ ತಗದಿದ್ರ ಸೀನು ಬಂದಬಿಡತಿತ್ತು."

ಮಹೇಶ್ವರಿ ಹಣೆ ಚಚ್ಚಿಕೊಂಡಳು.

"ಯಾರ ಸೀನಿದ್ರೂ ಲೆಕ್ಕಕ್ಕ ಬರತೈತಿ, ಎರಡಾದ್ರ ಚಲೋ ಅಂತ ಕಾಕಾ ವಾಪಸ್ ಹೋಗುವಾಗ ಕಾರಿನ್ಯಾಗ ಹೇಳಿದ್ರು..."

ದೇವರೇ! ಇಂಥವನನ್ನು ಎಲ್ಲಿಂದ ಹುಡುಕಿ ತಂದೆ! ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಬರೇ ಸೀನಿನ ಮಾತಾತು! ಆಮ್ಯಾಲ ಫೋನ್ ಮಾಡಾಕ ಏನಾಗಿತ್ತು ನಿಮಗ?"

"ಸೀನಿದವರ ಮನಿಂದನ ಮೊದಲ ಮಾತು ಬರಬೇಕು, ಅದು ಪದ್ಧತಿ ಅಂದ್ರು ಕಾಕಾ. ದಿನಾ ಕಾಯಾಕತ್ತೀವಿ. ನಿಮ್ಮನಿಯವರು ಯಾಕ ಸುಮ್ಮನದಾರ ಅಂತ..."

"ನೀವು ಬ್ಯಾಡ ಅಂದೀರಿ ಅಂತ ನಾವು ಸುಮ್ಮನದೇವಿ!" ಅವಳು ಅವನತ್ತ ಒಂದು ಹೆಜ್ಜೆ ಇಟ್ಟಳು. "ನನ್ನ ಕೈಲೆ ನಾನ ಎಲ್ಲಾ ಹಾಳ ಮಾಡಕೊಂಡೆ ಅಂತ ಎಷ್ಟ ಅತ್ತೀನಿ ಗೊತ್ತೈತೇನು? ಇವತ್ತು ಮಧ್ಯಾಹ್ನ ನರಗುಂದದವರು ನೋಡಾಕ ಬರಾಕತ್ತಾರ. ಅವ್ವ ಮಾತು ಕೊಟ್ಟಬಿಡತಾಳ. ನೀವು ಇಲ್ಲೇ ಪದ್ಧತಿ ಹಿಡಕೊಂಡು ಕುಂದರ್ರಿ!"

ತಿರುಗಿ ಹೊರಟವಳ ಹಿಂದೆ ಅವನ ದನಿ ಕೇಳಿತು.

"ಕಾಕಾ, ಗಜೇಂದ್ರಗಡದ ಗುಡ್ಡದ ಮ್ಯಾಲಿಂದ ಮಾತಾಡಾಕತ್ತೀನಿ."

ಅವಳು ನಿಂತಳು. ಫೋನಿನಲ್ಲಿ ಈಶಪ್ಪ ಗುಡುಗಿದ್ದು ಅವಳಿಗೂ ಕೇಳಿಸಿತು. "ನೆಗಡಿಯಾಗ ಸೈಕಲ್ ತಗೊಂಡು ಗುಡ್ಡಕ್ಕ ಹೋಗಿಯೇನು? ತಲಿ ನೆಟ್ಟಗೈತಿಲ್ಲೋ?"

"ಕಾಕಾ, ನನಗ ಮಹೇಶ್ವರೀನ ಬೇಕು. ಸೀನಿದ್ರೂ ಬೇಕು, ಕೆಮ್ಮಿದ್ರೂ ಬೇಕು. ಆಕಿನ್ನ ಬಿಟ್ಟು ನಾ ಯಾರನ್ನೂ ಮಾಡಕೊಳ್ಳಂಗಿಲ್ಲ."

ಮಹೇಶ್ವರಿ ಗಕ್ಕನೆ ಅವನತ್ತ ತಿರುಗಿದಳು. ಈ ಮೂಕಬಸವನಿಗೆ ಕಡೆಗೂ ಬಾಯಿ ಬಂತು!

"ನಂದೇನೈತೋ? ಅವರ ಮನಿಂದ ಮಾತು ಬರಬೇಕಲ್ಲ!" ಎಂದರು ಈಶಪ್ಪ.

ಸಾಕಾಗಿಹೋಯಿತು ಅವಳಿಗೆ! ಸರಸರನೆ ಬಂದು ಅವನ ಕೈಯಿಂದ ಫೋನು ಕಸಿದುಕೊಂಡಳು.

"ಕಾಕಾರ, ನಾ ಮಹೇಶ್ವರಿ. ಆ ಮನಿ ಮಗಳು. ನಮ್ಮನಿಂದ ಮಾತು ಬರಬೇಕಂದ್ರಲ್ಲ... ಬಂತು ಅಂತ ತಿಳ್ಕೋರಿ. ನನಗ ಒಪ್ಪಿಗಿ ಐತಿ. ಮಧ್ಯಾಹ್ನ ನರಗುಂದದವರು ನೋಡಾಕ ಬರೂದ್ರಾಗ ಅವ್ವಗ ಹೇಳ್ರಿ."

ಆ ಕಡೆ ಈಶಪ್ಪ ಗೊಳ್ಳನೆ ನಕ್ಕರು. "ಭಾಳ ಚಲೋ ಆತವ್ವಾ! ನರಗುಂದದವರಿಗೆ ಬರಬ್ಯಾಡ್ರಿ ಅಂತ ಹೇಳಂತ ನಿಮ್ಮವ್ವಗ ನಾನ ಫೋನ್ ಮಾಡತೀನಿ."

ಇಬ್ಬರೂ ಸೈಕಲ್ಲು ತಳ್ಳುತ್ತಾ ಗುಡ್ಡ ಇಳಿಯತೊಡಗಿದರು. ಎತ್ತರದ ಗಾಳಿಯಂತ್ರಗಳ ನೆರಳು ದಾರಿಯ ಮೇಲೆ ತಿರುಗುತ್ತಿತ್ತು.

"ಸಿಟ್ಟು ಹೋತೇನ್ರಿ?"

"ಇಲ್ಲ."

"ಹ್ಯಾಂಗ ಹೋಗತೈತಿ?"

"ಮನಸ್ಸಿನ್ಯಾಗ ಏನೈತಿ ಅದನ್ನ ಬಾಯಿ ಬಿಟ್ಟು ನನಗ ಹೇಳ್ರಿ. ಕಾಕಾಗಲ್ಲ, ನನಗ."

ಅವನು ನಿಂತ. ಕಿವಿಯವರೆಗೂ ಕೆಂಪಾದ. "ನೀವಂದ್ರ ನನಗ... ಜೀವ."

ಮಹೇಶ್ವರಿ ತಲೆ ತಗ್ಗಿಸಿ ಮುಗುಳ್ನಕ್ಕಳು. "ನೆಗಡೀಲೆ ಕಿವಿ ಕಟ್ಯಾವ್ರಿ. ಕೇಳಸಲಿಲ್ಲ, ಇನ್ನೊಮ್ಮೆ ಹೇಳ್ರಿ."

ಅವನು ಹೇಳಿದ. ಗುಡ್ಡ ಇಳಿದು ಮುಗಿಯುವವರೆಗೂ ಅವಳಿಗೆ ಕಿವಿ ಕೇಳಿಸಲೇ ಇಲ್ಲ.