ಒಂಬತ್ತು ನಲವತ್ತರ ರಿಬ್ಬನ್

ಜಾವೀದ್ ಬಾಗಿಲು ಎಳೆದಾಗ ಮಲ್ಲಿಕಾ ಬಾಳೆಗೊನೆಗಳ ನಡುವೆ ಬೋರಲಾಗಿ ಬಿದ್ದಿದ್ದಳು. ಉಸಿರಿತ್ತು—ಅಷ್ಟೇ.

ಅದು ಕಮಲಾಪುರದ ದೌಲಪ್ಪನವರ ಕೆಂಪು ಬಾಳೆ ಮಾಗಿಸುವ ಕೋಣೆ; ಮಲ್ಲಿಕಾ ಅಲ್ಲಿ ಕೆಲಸಕ್ಕಿದ್ದಳು. ಮುಚ್ಚಿದ ಕೋಣೆಯಲ್ಲಿ ಮಾಗುವ ಹಣ್ಣು ಬಿಡುವ ಗ್ಯಾಸ್ ಮನುಷ್ಯನ ಉಸಿರು ಕಟ್ಟಿಸುತ್ತದೆ. ಅದನ್ನು ಹೊರಗೆ ತಳ್ಳುವ ಫ್ಯಾನಿಗೆ ವೈರಿಂಗ್ ಮಾಡಿದವನು ನಾನು, ಸುಮಂತ. ಮಲ್ಲಿಕಾಳನ್ನು ಕಲಬುರಗಿ ಆಸ್ಪತ್ರೆಗೆ ಒಯ್ದಿದ್ದರು. ಪೊಲೀಸರು ನನ್ನನ್ನು ಸಂಜೆ ಐದಕ್ಕೆ ಠಾಣೆಗೆ ಬರಹೇಳಿದ್ದರು.

ಎಲ್ಲಿ ತಪ್ಪಿದೆ? ಸ್ಕ್ರೂ ಸಡಿಲ ಬಿಟ್ಟೆನೆ? ಅವಳು ಸತ್ತರೆ?

ಕಲಬುರಗಿಯ ಜೇವರ್ಗಿ ಕಾಲೋನಿಗೆ ಓಡಿದೆ. ಸಂಜೆಯ ವೈರಿಂಗ್ ತರಗತಿಯಲ್ಲಿ ನಮಗೆ ಪಾಠ ಹೇಳುವ ಮಂಜುಷಾ ಮೇಡಂ ಮೊದಲು ಕೇಳಿದ್ದು—

"ಫ್ಯಾನು ಓಪನ್ ಲೂಪೋ, ಕ್ಲೋಸ್ಡ್ ಲೂಪೋ?"

"ಓಪನ್ ರೀ. ಟೈಮರ್ ಹಾಕೀನಿ. ಪ್ರತಿ ತಾಸಿನ ಮೊದಲ ಹದಿನೈದು ನಿಮಿಷ ತಿರಗತದ. ಒಳಗ ಗ್ಯಾಸ್ ಎಷ್ಟದ ಅಂತ ಅದಕ್ಕ ಗೊತ್ತಾಗೂದಿಲ್ಲ."

"ಮತ್ತ ಯಾರಿಗೆ ಗೊತ್ತಾಗ್ತದ?"

"ಮಲ್ಲಿಕಾಗ. ಫ್ಯಾನಿನ ಬಾಯಿಗೆ ಹೊರಗ ಕೆಂಪು ರಿಬ್ಬನ್ ಕಟ್ಟೀನಿ. ಅದು ಹಾರಿದ್ರಷ್ಟ ಅಕಿ ಒಳಗ ಹೋಗ್ತಾಳ."

ಮೇಡಂ ಜೊತೆ ಕಮಲಾಪುರ ಮುಟ್ಟಿದಾಗ ಎರಡು ಗಂಟೆ. ಫ್ಯಾನು ಸರಿಯಾಗಿ ತಿರುಗಿತು. ರಿಬ್ಬನ್ ಹಾರಿತು. ನನ್ನ ಭಯ ಇನ್ನೂ ಹೆಚ್ಚಿತು—ಎಲ್ಲ ಸರಿಯಿದ್ದರೆ ಅವಳು ಬಿದ್ದದ್ದು ಹೇಗೆ?

"ಅರ್ಧಾ ಕಲಿತವನ ಕೈಗೆ ಕೆಲಸ ಕೊಟ್ಟಿದ್ದು ನಂದ ತಪ್ಪು ರೀ ಬಾಯೋರ," ಎಂದರು ದೌಲಪ್ಪ, ಮೇಡಂಗೆ.

"ಅಕಿ ಒಳಗ ಹೋದದ್ದು ಎಷ್ಟಕ್ಕ?" ಮೇಡಂ ಕೇಳಿದರು.

"ಒಂಬತ್ತು ನಲವತ್ತಕ್ಕ. ನಾನೇ ಇಲ್ಲಿ ನಿಂತಿದ್ದೆ. ರಿಬ್ಬನ್ ಪಟಪಟ ಹಾರಾಕತ್ತಿತ್ತು. ನೋಡೇ ಹ್ವಾದಳು."

"ಒಂಬತ್ತಕ್ಕ ಹಾರಿದ್ದಿಲ್ರೀ," ಎಂದ ಜಾವೀದ್. ಅವನು ಹಣ್ಣಿನ ಗಾಡಿ ಓಡಿಸುವವನು. "ಅಕಿ ನನಗ ಫೋನ್ ಮಾಡಿದ್ಲು. ರಿಬ್ಬನ್ ಅಲ್ಲಾಡವಲ್ದು, ನಾ ಒಳಗ ಹೋಗಂಗಿಲ್ಲ ಅಂದ್ಲು. ನಾ ಮಾರ್ಕೆಟ್‌ನಿಂದ ಬರೂದ್ರಾಗ ಒಂಬತ್ತು ಐವತ್ತಾಗಿತ್ತು."

ಮೇಡಂ ನನ್ನತ್ತ ತಿರುಗಿದರು. "ಸುಮಂತ, ಒಂಬತ್ತು ನಲವತ್ತಕ್ಕ ನಿನ್ನ ಟೈಮರ್ ಏನ್ ಮಾಡ್ತದ?"

"ಬಂದ್ ಇಟ್ಟಿರತದ ರೀ."

"ಬಂದ್ ಇದ್ದ ಫ್ಯಾನು ರಿಬ್ಬನ್ ಹಾರಿಸ್ತದೇನು?"

ಮೇಡಂ ಗೋಡೆಯ ಮೂಲೆ ದಾಟಿದರು. ಫ್ಯಾನಿನ ಪಕ್ಕದಲ್ಲೇ ಕೋಣೆ ತಂಪಿಡುವ ಏಸಿಯ ಹೊರಪೆಟ್ಟಿಗೆ ಇತ್ತು. ಬಾಗಿಲಲ್ಲಿ ನಿಂತವರಿಗೆ ಮೂಲೆಯಾಚೆ ಕಾಣುವುದು ರಿಬ್ಬನ್ನಿನ ತುದಿ ಮಾತ್ರ.

"ಈ ಏಸಿ ಕ್ಲೋಸ್ಡ್ ಲೂಪ್. ಗಡಿಯಾರ ನೋಡಂಗಿಲ್ಲ, ಒಳಗಿನ ಬಿಸಿ ನೋಡ್ತದ. ಬಿಸಿ ಏರಿದ್ರ ಇದರ ಫ್ಯಾನು ಯಾವಾಗ ಬೇಕಾದ್ರೂ ತಿರಗತದ." ಅದರ ಜಾಲರಿಯಿಂದ ಒಂದು ಕೆಂಪು ಎಳೆ ಬಿಡಿಸಿದರು. ಫ್ಯಾನಿನ ಬಾಯಿಂದ ಗೋಣಿಯ ನಾರು ಕಿತ್ತರು.

"ಹಣ್ಣು ಲಗೂನ ಮಾಗಲಿ ಅಂತ ಗೋಣಿಚೀಲ ತುರುಕಿದ್ರಿ, ದೌಲಪ್ಪನವರ. ಗಾಳಿ ಹೊರಗ ಬರಲಿಲ್ಲ, ರಿಬ್ಬನ್ ಹಾರಲಿಲ್ಲ, ಅಕಿ ಒಲ್ಲೆ ಅಂದ್ಲು. ರಿಬ್ಬನ್ ಬಿಚ್ಚಿ ಏಸಿಗೆ ಕಟ್ಟಿ ತೋರಿಸಿದ್ರಿ. ಆಗ ಇಲ್ಲಿದ್ದವರು ನೀವು, ಅಕಿ ಇಬ್ಬರೇ. ಅಕಿ ಬಿದ್ದ ಮ್ಯಾಲ ಎಲ್ಲಾ ಮೊದಲಿನಂಗ ಮಾಡಿಟ್ರಿ—ಟೈಮರಿನ ಲೆಕ್ಕ ಮಾತ್ರ ಮರತ್ರಿ."

ದೌಲಪ್ಪ ಕಟ್ಟೆಯ ಮೇಲೆ ಕುಸಿದರು. "ಅಕಿಗೆ ಒಳಗ ಎರಡು ನಿಮಿಷದ ಕೆಲಸಾ ಅಂದ್ಕೊಂಡಿದ್ದೆ ರೀ..."

"ಐದಕ್ಕ ಠಾಣೆಗೆ ನೀವು ಬರ್ರಿ."

ಜಾವೀದನ ಫೋನ್ ರಿಂಗಾಯಿತು. ನಾನು ಕಣ್ಣು ಮುಚ್ಚಿದೆ.

"ಎಚ್ಚರಾಗ್ಯಾಳಂತ!" ಅವನು ನನ್ನ ತೋಳು ಹಿಡಿದ. "ಮೊದಲನೇ ಮಾತೇ—ರಿಬ್ಬನ್ ಹಾರಾಕತ್ತಿತ್ತಲ್ಲ ಅಂತ ಕೇಳಾಕತ್ತಾಳಂತ."

ಏನು ಹೇಳಲಿ? ಗ್ಯಾಸ್ ಅಳೆಯುವ ಸೆನ್ಸರ್ ಬೇಡ, ಟೈಮರ್ ಸಾಕು ಎಂದು ಅವಳೆದುರೇ ಹೇಳಿದ್ದವನು ನಾನು.