ಶರಬತ್ತಿನಲ್ಲಿ ತೇಲಿದ ಐಸು

ಬೆಳಗಿನ ನಮಾಜಿನ ಹೊತ್ತಿಗೆ ಸಮೀಹಾಳ ತಾಯಿಯ ಮೈ ತಣ್ಣಗಾಗಿತ್ತು. ಆಮ್ಲಜನಕದ ನಳಿಕೆ ಮೂಗಿನಲ್ಲೇ ಇತ್ತು. ಯಂತ್ರ ಮಾತ್ರ ನಿಂತುಹೋಗಿತ್ತು. ಹಗಲೆಲ್ಲ ಬಿಸಿಲು ಕುಡಿದು ತುಂಬಿಕೊಂಡಿದ್ದ ಸೋಲಾರ್ ಬ್ಯಾಟರಿ ರಾತ್ರಿಯೊಳಗೆ ಬರಿದಾಗಿತ್ತು.

ಲೆಬನಾನಿನ ತ್ರಿಪೋಲಿಯ ಆ ಓಣಿಗೆ ಪೊಲೀಸ್ ಅಧಿಕಾರಿ ವಫೀಕ್ ಬಂದಾಗ ಮೆಟ್ಟಿಲ ಮೇಲೇ ಜಗಳ ಹತ್ತಿಕೊಂಡಿತ್ತು.

"ತಾಯೀನ ಕೊಂದಿದ್ದು ಇವಳೇ!" ಕೆಳಮನೆಯ ರುಶ್ದಿ ಕೂಗಿದ. "ರಾತ್ರಿಯೆಲ್ಲ ಹೊಲಿಗೆ ಮಷಿನ್ ಓಡಿಸಿದಾಳೆ. ಎಳ್ಕೊಂಡು ಹೋಗಿ!"

"ಬಾಯಿಗೆ ಬಂದಂಗೆ ಮಾತಾಡ್ಬೇಡ," ಸಮೀಹಾ ತಿರುಗಿಬಿದ್ದಳು. "ಕತ್ತಲಾದ್ಮೇಲೆ ನಾನೊಂದು ಲೈಟೂ ಹಾಕಲ್ಲ. ಎಲ್ಲಾ ಅಮ್ಮನ ಯಂತ್ರಕ್ಕೇ."

ವಫೀಕ್ ಮಾಳಿಗೆ ಹತ್ತಿ ನೋಡಿದ. ಸೋಲಾರ್ ಹಲಗೆಗಳು ನೆಟ್ಟಗಿದ್ದವು. ಬ್ಯಾಟರಿಯ ಗೂಡಿಗೆ ಬೀಗವಿರಲಿಲ್ಲ. ಗೂಡಿನಿಂದ ಹೊರಟ ತಂತಿಗಳ ಗೋಜಲು ನೋಡಿದರೆ ತಲೆ ಕೆಡುವಂತಿತ್ತು.

* * *

ಅನುಮಾನ ಮೊದಲು ಹೋದದ್ದು ಓಣಿಗೆಲ್ಲ ಕರೆಂಟು ಮಾರುವ ಜನರೇಟರ್ ಮಾಲೀಕ ಅಬು ನಿಜಾರ್ ಮೇಲೆ. ಸಮೀಹಾ ಅವನ ಕರೆಂಟು ಬಿಟ್ಟು ಬಿಸಿಲು ಹಿಡಿದವಳು. ಅದಕ್ಕೇ ಅವನಿಗೆ ಅವಳನ್ನು ಕಂಡರಾಗದು.

"ಶಾಪ ಹಾಕಿದ್ದು ನಿಜ," ಅಬು ನಿಜಾರ್ ಗುರುಗುಟ್ಟಿದ. "ಮುಟ್ಟಿಲ್ಲ. ನನ್ನ ಗೋಳೇ ನನಗೆ ಸಾಕಾಗಿದೆ. ಬಕ್ರೀದ್ ಮಾರನೇ ದಿನದಿಂದ ಜನರೇಟರ್ ಕೆಟ್ಟು ಕೂತಿದೆ. ಸರ್ಕಾರಿ ಕರೆಂಟು ಮುಖಾನೇ ತೋರಿಸಿಲ್ಲ. ಎಲ್ರ ಹಬ್ಬದ ಮಾಂಸ ಕೊಳೆತುಹೋಯ್ತು. ಓಣಿಗೆ ಓಣಿಯೇ ನನ್ನ ಜನ್ಮ ಜಾಲಾಡ್ತಿದೆ."

"ಎಲ್ಲರೂ?"

"ರುಶ್ದಿ ಒಬ್ಬನ್ನ ಬಿಟ್ಟು. ಅವನು ಮಾತ್ರ ಪುಣ್ಯಾತ್ಮ."

* * *

ಪುಣ್ಯಾತ್ಮನ ಮನೆಯಲ್ಲಿ ವಫೀಕ್ ಎರಡೇ ಪ್ರಶ್ನೆ ಕೇಳಿ ಎದ್ದ. ರುಶ್ದಿ ತೋಳು ಹಿಡಿದು ಕೂರಿಸಿದ.

"ಬಂದೋರನ್ನ ಒಣ ಬಾಯಲ್ಲಿ ಕಳಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು ಸಾಹೇಬ್ರೆ?"

ಹಿಪ್ಪುನೇರಳೆ ಹಣ್ಣಿನ ಶರಬತ್ತು ಬಂತು. ವಫೀಕ್ ಒಂದು ಗುಟುಕು ಕುಡಿದ. ಹಲ್ಲು ಜುಮ್ಮೆಂದಿತು. ಲೋಟ ಎತ್ತಿ ಬೆಳಕಿಗೆ ಹಿಡಿದ.

"ಐಸು ಎಲ್ಲಿಂದ?"

"ಅಂಗಡಿಯಿಂದ."

"ಅಂಗಡಿಯವನು ಗಡ್ಡೆ ಒಡೆದು ಚೂರು ಕೊಡ್ತಾನೆ. ಇವು ಅಚ್ಚಿನಿಂದ ತೆಗೆದ ಚೌಕಗಳು. ಇಡೀ ಓಣಿಗೆ ಕರೆಂಟಿಲ್ಲ. ನಿನ್ನ ಫ್ರಿಜ್ ಮಾತ್ರ ಹೇಗಪ್ಪಾ ನಡೀತಿದೆ?"

ವಫೀಕ್ ನೇರ ಅಡುಗೆಮನೆಗೆ ನುಗ್ಗಿ ಫ್ರಿಜ್ ತೆರೆದ. ಹಬ್ಬದ ಕುರಿಮಾಂಸ ಮೇಲಿನಿಂದ ಕೆಳಗಿನವರೆಗೆ ತುರುಕಲಾಗಿತ್ತು. ಫ್ರಿಜ್ಜಿನ ಹಿಂದಿನ ತಂತಿ ಕಿಟಕಿ ದಾಟಿ, ನೀರಿನ ಪೈಪಿನ ಮರೆಯಲ್ಲಿ ಸೀದಾ ಮಾಳಿಗೆ ಹತ್ತಿತ್ತು.

"ಅಬು ನಿಜಾರ್‌ನ ನೀನೊಬ್ಬ ಯಾಕೆ ಬೈಯಲಿಲ್ಲ ಅಂತ ಆಗ್ಲೇ ಅನ್ಸಿತ್ತು," ವಫೀಕ್ ಅಂದ. "ನಿನ್ನ ಮಾಂಸ ಕೊಳೆತಿರಲಿಲ್ಲ. ಬ್ಯಾಟರಿ ಹೀರಿದ್ದು ಹೊಲಿಗೆ ಮಷಿನ್ ಅಲ್ಲ, ಇದು."

"ದಿನಾ ಸಂಜೆ ತಂತಿ ಕೀಳ್ತಿದ್ದೆ," ರುಶ್ದಿ ತೊದಲಿದ. "ನಿನ್ನೆ ಮಾಂಸ ಕರಗೋಕೆ ಶುರುವಾಗಿತ್ತು. ಅದಕ್ಕೇ ರಾತ್ರಿ ಕೀಳದೆ ಹಾಗೇ ಬಿಟ್ಟೆ."

"ಮೇಲೆ ಉಸಿರಿನ ಯಂತ್ರ ಆ ಬ್ಯಾಟರಿಯಿಂದಲೇ ನಡೀತಿತ್ತು ಅಂತ ಗೊತ್ತಿತ್ತಾ?"

ರುಶ್ದಿ ಫ್ರಿಜ್ಜಿನ ಬಾಗಿಲು ಮುಚ್ಚಲು ಕೈ ಚಾಚಿದ.

ಬಾಗಿಲಲ್ಲಿ ಸಮೀಹಾ ನಿಂತಿದ್ದಳು. ಯಾವಾಗ ಬಂದಳೋ ಯಾರೂ ನೋಡಿರಲಿಲ್ಲ.

"ಹಬ್ಬದ ಮಾಂಸದಲ್ಲಿ ನೆರೆಯವರಿಗೆ ಸಲ್ಲೋ ಪಾಲು ಬರುತ್ತೆ ಅಂತ ಅಮ್ಮ ಹಬ್ಬದ ದಿನವೆಲ್ಲ ಕಾದಳು," ಅವಳೆಂದಳು. "ನೀನು ಒಂದು ತುಂಡೂ ಕಳಿಸ್ಲಿಲ್ಲ. ಎಲ್ಲಾ ಇಲ್ಲಿ ತುಂಬಿಟ್ಟಿದೀಯ. ಅಯ್ಯೋ ಪಾಪಿ, ಕೇಳಿದ್ರೆ ನಾನೇ ಕೊಡ್ತಿದ್ದೆ. ಹಗಲು ಬ್ಯಾಟರಿ ತುಂಬಿದ ಮೇಲೆ ಮಿಕ್ಕಿದ್ದು ಸುಮ್ನೆ ಹಾಳಾಗ್ತಿತ್ತು."

ಅವಳು ಬಗ್ಗಿ ತಂತಿ ಕಿತ್ತಳು. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು.

"ಇನ್ನು ಕೊಳೀಲಿ," ಎಂದು ತಾಯಿಯ ಹೆಣದ ಬಳಿಗೆ ಹೊರಟಳು.